ಮೂರು ಮೈಲಿಯಾಚೆಯ ಬಾನುಲಿ

ಇಂಗ್ಲೆಂಡಿನ ಥೇಮ್ಸ್ ನದಿ ಸಮುದ್ರ ಸೇರುವ ಅಳಿವೆಯ ಹೊರಗೆ, ಮರಳದಿಬ್ಬಗಳ ನಡುವಿನ ನೀರಿನಲ್ಲಿ 1980ರಿಂದ 1986ರವರೆಗೆ ಒಂದು ಉಕ್ಕಿನ ಕಂಬ ನೆಟ್ಟಗೆ ನಿಂತಿತ್ತು. ಅದರ ಬುಡದಲ್ಲಿ ಇದ್ದದ್ದು 'ಮಿ ಅಮಿಗೊ' ಎಂಬ ಮುಳುಗಿದ ಹಡಗು. ಆ ಕಂಬ ಹಾಯಿ ಕಟ್ಟುವುದಕ್ಕೆ ನೆಟ್ಟದ್ದಲ್ಲ, ದೀಪ ತೋರಿಸುವುದಕ್ಕೂ ಅಲ್ಲ. ಅದು 'ರೇಡಿಯೊ ಕ್ಯಾರೊಲೈನ್' ಎಂಬ ಬಾನುಲಿ ಕೇಂದ್ರದ ಆಂಟೆನಾ. ಒಂದು ಸಣ್ಣ ಹಡಗಿನ ಮೇಲೆ ಬಹುಮಹಡಿ ಕಟ್ಟಡದಷ್ಟು ಎತ್ತರದ ಕಂಬ ನಿಲ್ಲಿಸಿ, ಅದನ್ನು ಉತ್ತರ ಸಮುದ್ರದ ಬಿರುಗಾಳಿಗೆ ಒಡ್ಡುವ ಸಾಹಸಕ್ಕೆ ಯಾರಾದರೂ ಏಕೆ ಕೈಹಾಕುತ್ತಾರೆ ಎಂಬ ಪ್ರಶ್ನೆಗೆ ಉತ್ತರದ ಅರ್ಧಭಾಗ ಅಂದಿನ ಕಾನೂನಿನಲ್ಲಿದೆ, ಉಳಿದರ್ಧ ಉಪ್ಪುನೀರಿನ ಭೌತಶಾಸ್ತ್ರದಲ್ಲಿದೆ.

1960ರ ದಶಕದ ಆರಂಭದಲ್ಲಿ ಬ್ರಿಟನ್ನಿನ ನೆಲದಿಂದ ರೇಡಿಯೊ ಪ್ರಸಾರ ಮಾಡುವ ಹಕ್ಕು ಬಿಬಿಸಿಗೆ ಮಾತ್ರ ಇತ್ತು. ಆ ಸಂಸ್ಥೆಯೂ ಮನಸ್ಸು ಬಂದಷ್ಟು ಹೊತ್ತು ಧ್ವನಿಮುದ್ರಿಕೆ ಹಾಕುವಂತಿರಲಿಲ್ಲ. ರೆಕಾರ್ಡು ಕಂಪನಿಗಳು ಮತ್ತು ವಾದ್ಯಗಾರರ ಸಂಘದೊಂದಿಗಿನ ಒಪ್ಪಂದದಂತೆ ದಿನಕ್ಕೆ ಕೆಲವೇ ಗಂಟೆಗಳ ಕಾಲ ರೆಕಾರ್ಡಿನ ಮೇಲೆ ಮುಳ್ಳು ಓಡಬಹುದಾಗಿತ್ತು. ಉಳಿದ ಹೊತ್ತಿನಲ್ಲಿ ಜನಪ್ರಿಯ ಹಾಡುಗಳನ್ನು ಬಿಬಿಸಿಯ ವಾದ್ಯವೃಂದಗಳೇ ನುಡಿಸಬೇಕಿತ್ತು. ಬೀಟಲ್ಸ್ ತಂಡದ ಹಾಡಿಗೆ ಹಂಬಲಿಸಿ ರೇಡಿಯೊ ತಿರುಗಿಸಿದ ಹುಡುಗನಿಗೆ ಅದೇ ರಾಗವನ್ನು ಬೇರಾವುದೋ ತಂಡ ಸಭ್ಯವಾಗಿ ನುಡಿಸುವುದು ಕೇಳಿಸುತ್ತಿತ್ತು. ರಾತ್ರಿಯಾದರೆ ಲಕ್ಸೆಂಬರ್ಗಿನಿಂದ ಇಂಗ್ಲಿಷ್ ಪ್ರಸಾರವೊಂದು ಬರುತ್ತಿತ್ತು, ನಿಜ. ಹಗಲಿನಲ್ಲಿ ಅಯಾನುಗೋಳದ, ಅಂದರೆ ವಾತಾವರಣದ ಮೇಲ್ಭಾಗದ ವಿದ್ಯುದಾವೇಶವಿರುವ ವಲಯದ, ಕೆಳಗಿನ ಪದರ ಮಧ್ಯಮ ತರಂಗಗಳನ್ನು ಹೀರಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, ತರಂಗಗಳು ಮೇಲಿನ ಪದರಗಳಿಂದ ಮಣಿದು ದೂರದ ನೆಲಕ್ಕೆ ಇಳಿಯುತ್ತವೆ. ಹಾಗೆ ಮುಗಿಲಿನ ದಾರಿಯಲ್ಲಿ ಬಂದ ಸದ್ದಿಗೆ ಸ್ಥಿರತೆ ಇಲ್ಲ. ಒಮ್ಮೆ ಉಬ್ಬುತ್ತದೆ, ಒಮ್ಮೆ ಹಾಡಿನ ನಡುವೆಯೇ ಸೊರಗಿಹೋಗುತ್ತದೆ.

ಐರ್ಲೆಂಡಿನ ಯುವಕ ರೋನನ್ ಒ'ರಹಿಲಿ ಲಂಡನ್ನಿನಲ್ಲಿ ಗಾಯಕರ ವ್ಯವಹಾರ ನೋಡಿಕೊಳ್ಳುತ್ತಿದ್ದವನು. ಜಾರ್ಜಿ ಫೇಮ್ ಎಂಬ ಹೊಸ ಗಾಯಕನ ಧ್ವನಿಮುದ್ರಿಕೆಯನ್ನು ಪ್ರಸಾರ ಮಾಡಿಸಲಾಗದೆ ಬೇಸತ್ತು ತನ್ನದೇ ಕೇಂದ್ರ ತೆರೆದೆ ಎಂದು ಅವನು ಹೇಳಿಕೊಳ್ಳುತ್ತಿದ್ದ. ಅವನ ತಂದೆಯ ಒಡೆತನದಲ್ಲಿ ಗ್ರೀನೋರ್ ಎಂಬ ಪುಟ್ಟ ಬಂದರೇ ಇತ್ತು. 'ಫ್ರೆಡೆರಿಸಿಯಾ' ಎಂಬ ಹಳೆಯ ಡೆನ್ಮಾರ್ಕ್ ಪ್ರಯಾಣಿಕ ಹಡಗನ್ನು ಅಲ್ಲಿಗೆ ತಂದು, ತಲಾ 10 ಕಿಲೋವಾಟ್‌ನ ಎರಡು ಟ್ರಾನ್ಸ್‌ಮಿಟರ್‌ಗಳನ್ನೂ ಸುಮಾರು 165 ಅಡಿಯ ಕಂಬವನ್ನೂ ಅಳವಡಿಸಲಾಯಿತು. ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯವರ ಪುಟ್ಟ ಮಗಳ ಹೆಸರನ್ನು ಹಡಗಿಗೂ ಕೇಂದ್ರಕ್ಕೂ ಇಟ್ಟರು. 1964ರ ಮಾರ್ಚ್ 28ರಂದು, ಈಸ್ಟರ್ ಹಬ್ಬದ ಹಿಂದಿನ ದಿನ, ಫೆಲಿಕ್ಸ್‌ಸ್ಟೋ ಪಟ್ಟಣದ ಎದುರಿನ ಕಡಲಿನಿಂದ ನಿಯತ ಪ್ರಸಾರ ಶುರುವಾಯಿತು. ಕೇಂದ್ರದ ನಿಜವಾದ ತರಂಗದೂರ 197 ಮೀಟರಿನಷ್ಟು. ಆದರೆ ನಿರೂಪಕರು ಅದನ್ನು 199 ಎಂದೇ ಹೇಳುತ್ತಿದ್ದರು, ಏಕೆಂದರೆ ಇಂಗ್ಲಿಷಿನಲ್ಲಿ 'ಕ್ಯಾರೊಲೈನ್' ಎಂಬುದಕ್ಕೆ 'ನೈನ್' ಪ್ರಾಸವಾಗುತ್ತದೆ. ಭೌತಶಾಸ್ತ್ರವನ್ನು ಎರಡು ಮೀಟರಿನಷ್ಟು ಪಕ್ಕಕ್ಕೆ ಸರಿಸಲು ಪ್ರಾಸಕ್ಕಿಂತ ಒಳ್ಳೆಯ ಕಾರಣ ಬೇಕೇ?

ಬ್ರಿಟನ್ನಿನ ಕಾನೂನಿನ ಕೈ ಆಗ ದಡದಿಂದ ಮೂರು ನಾಟಿಕಲ್ ಮೈಲಿಯವರೆಗೆ ಮಾತ್ರ ಚಾಚುತ್ತಿತ್ತು. ಅದರಾಚೆ ಲಂಗರು ಹಾಕಿದ, ಪರದೇಶದ ಧ್ವಜ ಹೊತ್ತ ಹಡಗಿನ ಮೇಲೆ ಬ್ರಿಟನ್ನಿನ ಪರವಾನಗಿ ನಿಯಮ ನಡೆಯುತ್ತಿರಲಿಲ್ಲ. ಒ'ರಹಿಲಿ ಈ ಉಪಾಯ ಕಂಡುಹಿಡಿದವನೇನೂ ಅಲ್ಲ. ಡೆನ್ಮಾರ್ಕಿನ ಎದುರು 'ರೇಡಿಯೊ ಮರ್ಕ್ಯುರ್' 1958ರಲ್ಲೇ, ನೆದರ್ಲೆಂಡ್ಸಿನ ಎದುರು 'ವೆರೋನಿಕಾ' 1960ರಲ್ಲೇ ಆರಂಭವಾಗಿದ್ದವು. ಜನ ಇಂಥವರನ್ನು ಕಡಲ್ಗಳ್ಳರು ಎಂದರು. ಅವರು ಕದ್ದದ್ದು ಚಿನ್ನವನ್ನಲ್ಲ, ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಬೇರೆ ದೇಶಗಳಿಗೆ ಹಂಚಿಕೆಯಾಗಿದ್ದ ಆವರ್ತನಗಳನ್ನು.

ಕಾನೂನು ತಪ್ಪಿಸಿಕೊಳ್ಳಲೆಂದು ಹಿಡಿದ ಕಡಲು ತಾಂತ್ರಿಕವಾಗಿಯೂ ಅವರಿಗೆ ಒಲಿಯಿತು. ಮಧ್ಯಮ ತರಂಗಗಳು ಹಗಲಿನಲ್ಲಿ ಭೂಮಿಯ ಮೈಯನ್ನು ತಬ್ಬಿಕೊಂಡೇ ಸಾಗುತ್ತವೆ. ಅವು ಸಾಗುವ ನೆಲ ಒಣಗಿದ್ದರೆ, ಕಲ್ಲಾಗಿದ್ದರೆ, ತರಂಗದ ಶಕ್ತಿಯನ್ನು ಹೆಜ್ಜೆಹೆಜ್ಜೆಗೂ ಕಸಿಯುತ್ತದೆ. ನಮ್ಮ ಮನೆಗಳಲ್ಲಿ ವಿದ್ಯುತ್ ಸಂಪರ್ಕಕ್ಕೆ ಅರ್ಥಿಂಗ್ ಗುಂಡಿ ತೋಡಿ, ಇದ್ದಿಲು ಮತ್ತು ಉಪ್ಪು ತುಂಬಿ, ಬೇಸಿಗೆಯಲ್ಲಿ ಅದಕ್ಕೆ ನೀರು ಹೊಯ್ಯುವುದುಂಟಲ್ಲ. ಒಣಮಣ್ಣು ವಿದ್ಯುತ್ತನ್ನು ಸರಿಯಾಗಿ ಒಯ್ಯುವುದಿಲ್ಲ, ಉಪ್ಪು ಮತ್ತು ನೀರು ಕೂಡಿದರೆ ಒಯ್ಯುತ್ತದೆ ಎಂಬ ತಿಳಿವಳಿಕೆಯೇ ಅದಕ್ಕೆ ಕಾರಣ. ಹಾಗೆ ನೋಡಿದರೆ ಸಮುದ್ರವೆಂಬುದು ಉಪ್ಪು ಹಾಕಿ, ನೀರು ತುಂಬಿ ಸಿದ್ಧವಾಗಿರುವ, ಎಲ್ಲೆಯಿಲ್ಲದ ಒಂದು ಅರ್ಥಿಂಗ್ ಗುಂಡಿ. ಅದರ ವಾಹಕತೆ ಒಣನೆಲದ್ದಕ್ಕಿಂತ ಸಾವಿರಾರು ಪಟ್ಟು ಹೆಚ್ಚು. ಆದ್ದರಿಂದ ನೀರಿನ ಮೇಲೆ ಸಾಗುವಷ್ಟು ದೂರವೂ ತರಂಗ ಹೆಚ್ಚು ನಷ್ಟವಿಲ್ಲದೆ ಸಾಗಿ, ಕರಾವಳಿಯುದ್ದಕ್ಕೂ ಊರೂರನ್ನು ಮುಟ್ಟುತ್ತದೆ.

ಲಾಭ ಅಲ್ಲಿಗೇ ನಿಲ್ಲುವುದಿಲ್ಲ. ನೆಟ್ಟಗೆ ನಿಂತ ಆಂಟೆನಾಗೆ ಸಲ್ಲುವ ಎತ್ತರವೆಂದರೆ ತರಂಗದೂರದ ಕಾಲು ಭಾಗ. ಕಂಬದ ಕನ್ನಡಿಬಿಂಬದಂತೆ ಕೆಳಗಿನ ನೆಲ ಉಳಿದ ಅರ್ಧದ ಕೆಲಸ ಮಾಡಿಕೊಡುತ್ತದೆ. ಆ ಕನ್ನಡಿ ಮಸುಕಾಗಿದ್ದರೆ ಟ್ರಾನ್ಸ್‌ಮಿಟರಿನ ಶಕ್ತಿಯ ಒಂದು ಪಾಲು ಮಣ್ಣನ್ನು ಬಿಸಿ ಮಾಡುವುದರಲ್ಲೇ ವ್ಯರ್ಥವಾಗುತ್ತದೆ. ಅದಕ್ಕೇ ನೆಲದ ಮೇಲಿನ ಕೇಂದ್ರಗಳು ಕಂಬದ ಬುಡದಿಂದ ಸುತ್ತಲೂ ನೂರಿಪ್ಪತ್ತರಷ್ಟು ತಾಮ್ರದ ತಂತಿಗಳನ್ನು ಚಕ್ರದ ಕಡ್ಡಿಗಳಂತೆ ಮಣ್ಣಿನಲ್ಲಿ ಹೂಳುತ್ತವೆ. ಹಡಗಿಗೆ ಆ ಖರ್ಚಿಲ್ಲ. ಅದರ ಉಕ್ಕಿನ ಒಡಲೇ ಉಪ್ಪುನೀರಿನಲ್ಲಿ ಅದ್ದಿರುತ್ತದೆ. ಕ್ಯಾರೊಲೈನ್ ಬಳಸಿದ ಆವರ್ತನ ಸುಮಾರು 1,520 ಕಿಲೋಹರ್ಟ್ಸ್. ಬೆಳಕಿನ ವೇಗವನ್ನು ಇದರಿಂದ ಭಾಗಿಸಿದರೆ 197 ಮೀಟರ್ ಬರುತ್ತದೆ, ಅದರ ಕಾಲು ಭಾಗ 49 ಮೀಟರ್, ಅಂದರೆ 160 ಅಡಿಗಿಂತ ಸ್ವಲ್ಪ ಹೆಚ್ಚು. ಆ ಕಂಬದ ಎತ್ತರ ಯಾರದೋ ಆಡಂಬರದ ಅಳತೆಯಾಗಿರಲಿಲ್ಲ.

ಆದರೆ ಇದಕ್ಕೆ ತೆರಬೇಕಾದ ಬೆಲೆಯೂ ಇತ್ತು. ಎತ್ತರದ ಕಂಬ ಹಡಗಿನ ಗುರುತ್ವಕೇಂದ್ರವನ್ನು ಮೇಲೆತ್ತುತ್ತದೆ. ಅಲೆಗೆ ಹಡಗು ಹತ್ತು ಡಿಗ್ರಿ ಹೊರಳಿದರೆ ಕಂಬದ ತುದಿ ಎಂಟು ಮೀಟರಿಗೂ ಹೆಚ್ಚು ತೂಗುತ್ತದೆ, ಬಿಗಿದ ತಂತಿಗಳ ಮೇಲೆ ಈ ಜಗ್ಗಾಟ ಹಗಲಿರುಳೂ ನಡೆಯುತ್ತದೆ. ಉಪ್ಪಿನ ಸಿಂಚನ ಅವಾಹಕಗಳ ಮೇಲೆ ಕೂತು ಒಣಗಿ, ಮತ್ತೆ ಒದ್ದೆಯಾದಾಗ ಕಿಡಿ ಹಾರುತ್ತದೆ. ತರಂಗಗಳನ್ನು ಅಷ್ಟು ಹಗುರವಾಗಿ ಒಯ್ಯುವ ಅದೇ ಉಪ್ಪುನೀರು ಹಡಗಿನ ಉಕ್ಕನ್ನು ತುಕ್ಕು ಹಿಡಿಸಿ ತಿನ್ನುತ್ತದೆ. ಇನ್ನು ಜನರೇಟರಿಗೆ ಡೀಸೆಲ್, ಜನಕ್ಕೆ ಕುಡಿಯುವ ನೀರು, ರೊಟ್ಟಿ, ತರಕಾರಿ, ಹೊಸ ರೆಕಾರ್ಡುಗಳು ಎಲ್ಲವೂ ದಡದಿಂದ ಸರಕುದೋಣಿಯಲ್ಲೇ ಬರಬೇಕು. ಜಾಹೀರಾತಿನ ಹಣವೂ ದಡದಲ್ಲೇ ಹುಟ್ಟಬೇಕು. ಮೂರು ಮೈಲಿಯಾಚೆ ಹೋದರೂ ಹಡಗಿಗೆ ನೆಲದ ಹಂಗು ತಪ್ಪಿರಲಿಲ್ಲ. ಈ ಹಂಗೇ ಮುಂದೆ ಅದರ ಕೊರಳಿಗೆ ಸುತ್ತಿಕೊಂಡಿತು.

ಕೆಲವು ತಿಂಗಳಲ್ಲೇ 'ಮಿ ಅಮಿಗೊ' ಹಡಗಿನ ಪ್ರತಿಸ್ಪರ್ಧಿ ಕೇಂದ್ರ 'ಅಟ್ಲಾಂಟಾ' ಕ್ಯಾರೊಲೈನ್‌ನೊಂದಿಗೆ ವಿಲೀನವಾಯಿತು. ಮೊದಲಿನ ಹಡಗು ಐರಿಶ್ ಸಮುದ್ರದ ಮ್ಯಾನ್ ದ್ವೀಪದ ಬಳಿಗೆ ಹೋಗಿ ಉತ್ತರದ ಕ್ಯಾರೊಲೈನ್ ಆಯಿತು. 'ಮಿ ಅಮಿಗೊ' ಎಸೆಕ್ಸ್ ಕರಾವಳಿಯ ಎದುರು ದಕ್ಷಿಣದ ಕ್ಯಾರೊಲೈನ್ ಆಗಿ ಉಳಿಯಿತು. ಅದೇ ವರ್ಷದ ಡಿಸೆಂಬರಿನಲ್ಲಿ, ಅಮೆರಿಕದ ನೌಕಾಪಡೆಯ ಹಳೆಯ ಹಡಗೊಂದರಿಂದ 'ರೇಡಿಯೊ ಲಂಡನ್' ಹೆಚ್ಚು ಅಚ್ಚುಕಟ್ಟಾಗಿ, ಹೆಚ್ಚು ಲಾಭದಾಯಕವಾಗಿ ಪ್ರಸಾರ ಆರಂಭಿಸಿತು. ಎರಡನೇ ಮಹಾಯುದ್ಧದಲ್ಲಿ ಅಳಿವೆಯ ನೀರಿನಲ್ಲಿ ಕಟ್ಟಿ ಬಿಟ್ಟುಹೋಗಿದ್ದ ಕಾವಲು ಗೋಪುರಗಳನ್ನೂ ಕೆಲವರು ಹತ್ತಿ ಕೂತರು. ಅಂಥ ಒಂದು ಗೋಪುರದಲ್ಲಿದ್ದ 'ರೇಡಿಯೊ ಸಿಟಿ'ಯ ಒಡೆಯ ರೆಜಿನಾಲ್ಡ್ ಕ್ಯಾಲ್ವರ್ಟ್ 1966ರ ಜೂನಿನಲ್ಲಿ, ಟ್ರಾನ್ಸ್‌ಮಿಟರ್ ಕುರಿತ ಜಗಳದ ನಡುವೆ ಗುಂಡೇಟಿಗೆ ಬಲಿಯಾದ. ಹಾಡು-ಹರಟೆಯ ಮೋಜೆಂದು ಜನ ಬಗೆದದ್ದಕ್ಕೆ ರಕ್ತದ ಕಲೆ ಅಂಟಿತು. ಕಡಿವಾಣ ಹಾಕಬೇಕೆಂದಿದ್ದ ಸರ್ಕಾರಕ್ಕೆ ಬಲ ಬಂತು.

ಕಡಲ ಕೇಂದ್ರಗಳನ್ನು ತಡೆಯಲು ಸರ್ಕಾರ ತಂದ 1967ರ ಕಾಯಿದೆಯ ಜಾಣತನವನ್ನು ಮೆಚ್ಚಲೇಬೇಕು. ಅದು ಹಡಗಿನ ತಂಟೆಗೇ ಹೋಗಲಿಲ್ಲ. ಬ್ರಿಟಿಷ್ ಪ್ರಜೆಗಳು ಅಂಥ ಹಡಗಿನಲ್ಲಿ ದುಡಿಯುವುದು, ಅದಕ್ಕೆ ಸಾಮಾನು ಒದಗಿಸುವುದು, ಜಾಹೀರಾತು ಕೊಡುವುದು, ಇವೆಲ್ಲ ಅಪರಾಧವಾದವು; ಎರಡು ವರ್ಷದವರೆಗೆ ಸೆರೆವಾಸ ವಿಧಿಸಬಹುದಾಗಿತ್ತು. ಆಗಸ್ಟ್ 14ರ ಮಧ್ಯಾಹ್ನ ಮೂರಕ್ಕೆ ರೇಡಿಯೊ ಲಂಡನ್ ತಾನಾಗಿ ಬಾಯಿ ಮುಚ್ಚಿತು. ಕ್ಯಾರೊಲೈನ್ ಮುಚ್ಚಲಿಲ್ಲ. ಕಚೇರಿಯನ್ನು ಆಮ್‌ಸ್ಟರ್‌ಡ್ಯಾಮಿಗೆ ಸಾಗಿಸಿ, ಅಂಥ ಕಾಯಿದೆ ಇನ್ನೂ ಇಲ್ಲದಿದ್ದ ನೆದರ್ಲೆಂಡ್ಸಿನಿಂದ ಸಾಮಾನು ತರಿಸಿಕೊಂಡಿತು. ಆದರೆ ಜಾಹೀರಾತು ಬತ್ತಿತ್ತು, ಬಾಕಿ ಬೆಳೆಯುತ್ತಿತ್ತು. 1968ರ ಮಾರ್ಚ್ 3ರ ಬೆಳಿಗ್ಗೆ ಎರಡೂ ಹಡಗುಗಳನ್ನು ಹಗ್ಗ ಕಟ್ಟಿ ಎಳೆದೊಯ್ದದ್ದು ಬ್ರಿಟನ್ನಿನ ನೌಕಾಪಡೆಯಲ್ಲ, ಹಣ ಬಾಕಿ ಉಳಿದಿದ್ದ ಡಚ್ ಸರಕುದೋಣಿ ಕಂಪನಿ.

ಅಷ್ಟರಲ್ಲಿ ಬಿಬಿಸಿ ತನ್ನ 'ರೇಡಿಯೊ 1' ಆರಂಭಿಸಿ, ಕಡಲಿನಿಂದ ಇಳಿದು ಬಂದ ನಿರೂಪಕರನ್ನೇ ಕೆಲಸಕ್ಕೆ ಸೇರಿಸಿಕೊಂಡಿತ್ತು. ಅದರ ಮೊದಲ ದನಿ ಟೋನಿ ಬ್ಲ್ಯಾಕ್‌ಬರ್ನ್ ಕ್ಯಾರೊಲೈನ್‌ನಲ್ಲಿ ಪಳಗಿದವನು. ನಮ್ಮ ಹಿರಿಯ ಕೇಳುಗರಿಗೆ ಇದು ಹೊಸ ಕತೆಯೇನಲ್ಲ. 1950ರ ದಶಕದಲ್ಲಿ ಸಚಿವ ಬಿ. ವಿ. ಕೇಸ್ಕರ್ ಅವರ ಕಾಲದಲ್ಲಿ ಆಕಾಶವಾಣಿಯಿಂದ ಚಿತ್ರಗೀತೆ ಮರೆಯಾದಾಗ ಕೇಳುಗರು ರೇಡಿಯೊ ಸಿಲೋನಿನತ್ತ ಮುಳ್ಳು ತಿರುಗಿಸಿದರು, 1957ರಲ್ಲಿ ವಿವಿಧ ಭಾರತಿ ಹುಟ್ಟಿತು. ಸಿಲೋನ್ ಮಾತ್ರ ಪೂರ್ತಿ ಕಾನೂನುಬದ್ಧ ಕೇಂದ್ರ.

ಕ್ಯಾರೊಲೈನ್ 1970ರ ದಶಕದಲ್ಲಿ 'ಮಿ ಅಮಿಗೊ'ದಿಂದಲೇ ಮತ್ತೆ ಎದ್ದಿತು. 1980ರ ಮಾರ್ಚ್ 19ರ ಬಿರುಗಾಳಿಯಲ್ಲಿ ಲಂಗರಿನ ಸರಪಳಿ ತುಂಡಾಗಿ, ಹಡಗು ಮರಳದಿಬ್ಬಕ್ಕೆ ಬಡಿದು, ನೀರು ನುಗ್ಗಿ ಮುಳುಗಿತು. ಒಳಗಿದ್ದವರನ್ನು ಜೀವರಕ್ಷಕ ದೋಣಿ ಕಾಪಾಡಿತು. ಜೊತೆಗೆ ಅವರು ಸಾಕಿದ್ದ ಕ್ಯಾನರಿ ಹಕ್ಕಿಯನ್ನೂ. ಹಕ್ಕಿಗೆ ಅವರಿಟ್ಟಿದ್ದ ಹೆಸರು ವಿಲ್ಸನ್, 1967ರ ಕಾಯಿದೆ ತಂದ ಪ್ರಧಾನಿಯದು.

1983ರಲ್ಲಿ 'ರಾಸ್ ರಿವೆಂಜ್' ಎಂಬ ಗಟ್ಟಿಮುಟ್ಟಾದ ಹಳೆಯ ಮೀನುಗಾರಿಕಾ ಹಡಗು ಬಂತು. ತಳದಲ್ಲಿ ಕಾಂಕ್ರೀಟ್ ತುಂಬಿ, ಅದರ ಮೇಲೆ 300 ಅಡಿಯ ಕಂಬ ನಿಲ್ಲಿಸಿದರು. 1987ರಲ್ಲಿ ಬ್ರಿಟನ್ ತನ್ನ ಕಡಲ ಗಡಿಯನ್ನು ಮೂರರಿಂದ ಹನ್ನೆರಡು ಮೈಲಿಗೆ ವಿಸ್ತರಿಸಿದಾಗ, ಮರಳದಿಬ್ಬಗಳ ಆಸರೆಯಲ್ಲಿದ್ದ ಹಡಗು ಬಯಲು ಕಡಲಿಗೆ ಸರಿಯಬೇಕಾಯಿತು. ಆ ಅಕ್ಟೋಬರಿನ ಮಹಾಬಿರುಗಾಳಿಯನ್ನು ಕಂಬ ಹೇಗೋ ತಡೆದುಕೊಂಡಿತು. ಜರ್ಜರಿತವಾಗಿದ್ದ ಅದು ಮುಂದಿನ ತಿಂಗಳ ಗಾಳಿಗೆ ಮುರಿದು ಬಿತ್ತು. ಗಡಿ ಸರಿಸಿದ್ದು ಕಾನೂನು, ಕಂಬ ಉರುಳಿಸಿದ್ದು ಕಡಲು. ಗಿಡ್ಡ ಆಂಟೆನಾ ಕಟ್ಟಿಕೊಂಡು ಕುಂಟುತ್ತ ಸಾಗಿದ ಪ್ರಸಾರ, ಗಡಿಯಾಚೆಯೂ ಹಡಗನ್ನು ಏರಲು ಅಧಿಕಾರ ಕೊಟ್ಟ ಹೊಸ ಕಾಯಿದೆಯ ಹೊಸ್ತಿಲಲ್ಲಿ, 1990ರ ನವೆಂಬರ್ 5ರಂದು ನಿಂತಿತು. ಮರುವರ್ಷ ಹಡಗು ಗುಡ್‌ವಿನ್ ಮರಳದಿಬ್ಬದ ಮೇಲೆ ಸಿಕ್ಕಿಕೊಂಡಿತು, ಅದನ್ನು ಡೋವರ್ ಬಂದರಿಗೆ ಎಳೆದು ತಂದರು.

'ರಾಸ್ ರಿವೆಂಜ್' ಈಗ ಎಸೆಕ್ಸಿನ ಬ್ಲ್ಯಾಕ್‌ವಾಟರ್ ಅಳಿವೆಯಲ್ಲಿ ಲಂಗರು ಹಾಕಿ ನಿಂತಿದೆ. ಪರವಾನಗಿ ಪಡೆದ ಕ್ಯಾರೊಲೈನ್ 2017ರ ಡಿಸೆಂಬರಿನಿಂದ 648 ಕಿಲೋಹರ್ಟ್ಸ್‌ನಲ್ಲಿ ಕೇಳಿಸುತ್ತಿದೆ. ಒಂದು ಕಾಲಕ್ಕೆ ಅದು ಬಿಬಿಸಿಯ ವಿದೇಶ ಪ್ರಸಾರ ಬಳಸುತ್ತಿದ್ದ ಆವರ್ತನ. ಅದರ ಆಂಟೆನಾ ಕಂಬ ನಿಂತಿರುವುದು ಮಾತ್ರ ಆರ್ಫರ್ಡ್‌ನೆಸ್ಸಿನ ಗಟ್ಟಿನೆಲದ ಮೇಲೆ, ಕಡಲ ಅಂಚಿನಲ್ಲಿ.