ಪಿಟೀಲಿನ ಹೊಟ್ಟೆ, ಪಕ್ಕೆಲುಬು ಮತ್ತು ಕಪ್ಪೆ: ಇಂಗ್ಲಿಷ್ ಹೆಸರುಗಳನ್ನು ಕಲಿಯುವವರಿಗೆ

ಪಿಟೀಲು ಕಲಿಯಲು ಶುರುಮಾಡಿದ ಮೊದಲ ವರ್ಷ ನಾನೊಂದು ಎಡವಟ್ಟು ಮಾಡಿಕೊಂಡೆ. ಧೂಳು ಒರೆಸೋಣ ಅಂತ ನಾಲ್ಕೂ ತಂತಿಗಳನ್ನು ಒಟ್ಟಿಗೇ ಬಿಚ್ಚಿಬಿಟ್ಟೆ. ತಂತಿಗಳ ಅಡಿಯಲ್ಲಿ ನಿಂತಿದ್ದ ಬ್ರಿಡ್ಜ್ ಕಳಚಿ ಕೈಗೆ ಬಂತು. ಹಿಂದೆಯೇ ಪೆಟ್ಟಿಗೆಯೊಳಗೆ ಟಕ್ ಅಂತ ಸದ್ದು. ಅಲ್ಲಾಡಿಸಿದರೆ ಒಳಗೇನೋ ಉರುಳಾಡುತ್ತಿದೆ. ಗಾಬರಿಯಾಗಿ ರಿಪೇರಿಯವರಿಗೆ ಫೋನ್ ಮಾಡಿದೆ.

"ಒಳಗೆ ಒಂದು ಕಡ್ಡಿ ಬಿದ್ದಿದೆ ಸಾರ್."

"ಯಾವ ಕಡ್ಡಿ? ಸೌಂಡ್ ಪೋಸ್ಟಾ, ಬೇಸ್ ಬಾರಾ?"

ಎರಡೂ ಹೆಸರು ನಾನು ಕೇಳಿರಲಿಲ್ಲ. ತಂತಿಯ ಪೊಟ್ಟಣದ ಮೇಲೆ, ಆನ್‌ಲೈನ್ ಅಂಗಡಿಗಳಲ್ಲಿ, ರಿಪೇರಿ ವಿಡಿಯೊಗಳಲ್ಲಿ ಎಲ್ಲ ಕಡೆ ಇಂಗ್ಲಿಷ್ ಹೆಸರುಗಳೇ. ಬಾಯಿಪಾಠ ಮಾಡಲು ಕೂತೆ, ನಿಲ್ಲಲಿಲ್ಲ. ಆಮೇಲೆ ಒಂದು ವಿಷಯ ಹೊಳೆಯಿತು. ಇವೆಲ್ಲ ಕಷ್ಟದ ಪದಗಳೇ ಅಲ್ಲ. ಮೈಯ ಅಂಗಗಳು, ಮನೆಯ ಸಾಮಾನು, ಒಂದೆರಡು ಪ್ರಾಣಿ, ಅಷ್ಟೇ. ಪದದೊಳಗಿನ ಚಿತ್ರ ಕಂಡರೆ ಸಾಕು, ಹೆಸರು ತಾನಾಗಿ ನೆನಪಿರುತ್ತದೆ. ತೊಂದರೆ ಬರುವುದು ನಮ್ಮ ಚಿತ್ರವೂ ಅವರ ಚಿತ್ರವೂ ಬೇರೆಯಾದಾಗ.

ಮೈ

ಪಿಟೀಲನ್ನು ಒಬ್ಬ ಮನುಷ್ಯ ಅಂದುಕೊಳ್ಳಿ. ಮುಂಭಾಗದ ಹಲಗೆ ಬೆಲ್ಲಿ, ಅಂದರೆ ಹೊಟ್ಟೆ. ಇದನ್ನು ಟಾಪ್ ಎಂದೂ ಕರೆಯುತ್ತಾರೆ, ಅಂಗಡಿಗಳಲ್ಲಿ ಅದೇ ಜಾಸ್ತಿ. ಹಿಂಭಾಗ ಬ್ಯಾಕ್, ಬೆನ್ನು. ಇವೆರಡನ್ನೂ ಕೂಡಿಸುವ ಬಾಗಿದ ತೆಳು ಪಟ್ಟಿಗಳು ರಿಬ್ಸ್, ಪಕ್ಕೆಲುಬುಗಳು. ನಡುವೆ ಒಳಕ್ಕೆ ಸರಿದಿರುವ ಜಾಗ ವೇಸ್ಟ್, ಸೊಂಟ. ಮೇಲಕ್ಕೆ ಚಾಚಿರುವುದು ನೆಕ್, ಕತ್ತು. ಕತ್ತು ಮೈಗೆ ಸೇರುವ ಗಂಟಿಗೆ ಮಾತ್ರ ಹೀಲ್, ಅಂದರೆ ಹಿಮ್ಮಡಿ. ಕತ್ತಿನ ಬುಡದಲ್ಲಿ ಹಿಮ್ಮಡಿ ಹೇಗೆ ಬಂತೋ, ಇಲ್ಲಿ ಚಿತ್ರ ಕೈಕೊಡುತ್ತದೆ.

ಬೆಲ್ಲಿಯನ್ನು ಸಾಮಾನ್ಯವಾಗಿ ಸ್ಪ್ರೂಸ್ ಮರದಿಂದ, ಬ್ಯಾಕ್ ಮತ್ತು ರಿಬ್ಸ್‌ಗಳನ್ನು ಮೇಪಲ್‌ನಿಂದ ಮಾಡುತ್ತಾರೆ. ಕತ್ತಿನ ಮೇಲೆ ಅಂಟಿಸಿದ ಕಪ್ಪು ಪಟ್ಟಿ ಫಿಂಗರ್‌ಬೋರ್ಡ್, ಒಳ್ಳೆಯ ವಾದ್ಯಗಳಲ್ಲಿ ಅದು ಎಬೊನಿ, ಅಂದರೆ ಕರಿಮರದ್ದು. ಅಂಚಿನುದ್ದಕ್ಕೂ ಎಳೆದ ಗೆರೆಯಂತೆ ಕಾಣುವುದು ಪರ್ಫ್ಲಿಂಗ್. ಅದು ಪೇಂಟ್ ಮಾಡಿದ ಗೆರೆ ಅಂತ ನಾನು ಬಹಳ ದಿನ ನಂಬಿದ್ದೆ. ಅಲ್ಲ, ಮರದಲ್ಲಿ ಸಣ್ಣ ಕಾಲುವೆ ತೋಡಿ ಕೂರಿಸಿದ ತೆಳು ಪಟ್ಟಿ ಅದು. ಅಂಚಿನಲ್ಲಿ ಹುಟ್ಟಿದ ಬಿರುಕು ಒಳಗೆ ಹಬ್ಬದಂತೆ ತಡೆಯುತ್ತದೆ. ಅಗ್ಗದ ಪಿಟೀಲುಗಳಲ್ಲಿ ಮಾತ್ರ ಬರೀ ಗೆರೆ ಎಳೆದಿರುತ್ತಾರೆ.

ತುದಿಯಲ್ಲಿರುವ ಸುರುಳಿ ಸ್ಕ್ರೋಲ್. ಸುತ್ತಿಟ್ಟ ಓಲೆಗೂ ಇದೇ ಪದ. ಮೊಬೈಲಿನಲ್ಲಿ ನಾವು ಮಾಡುವ ಸ್ಕ್ರೋಲೂ ಅದೇ. ಕರ್ನಾಟಕ ಸಂಗೀತದವರು ನೆಲದ ಮೇಲೆ ಕೂತು, ಈ ಸುರುಳಿಯನ್ನು ಬಲಗಾಲಿನ ಮೇಲೆ ಊರಿ ನುಡಿಸುತ್ತಾರೆ. ಹಾಗಾಗಿ ನಮಗೆ ಒಂದು ಹೆಸರು ತಮಾಷೆಯಾಗಿ ಕಾಣುತ್ತದೆ: ಚಿನ್ ರೆಸ್ಟ್, ಗಲ್ಲ ಊರುವ ಜಾಗ. ಇದನ್ನು ಬಳಕೆಗೆ ತಂದವನು ಜರ್ಮನ್ ವಾದಕ ಲೂಯಿ ಸ್ಪೋರ್, 1820ರ ಸುಮಾರಿಗೆ. ಗಲ್ಲದಡಿ ಹಿಡಿದು ನುಡಿಸುವ ಹೆಚ್ಚಿನವರಿಗೆ ಅದು ಬೇಕು. ನನ್ನ ಪಿಟೀಲಿನಲ್ಲೂ ಇದೆ, ಆದರೆ ಇಷ್ಟು ವರ್ಷದಲ್ಲಿ ನನ್ನ ಗಲ್ಲ ಅದನ್ನು ಮುಟ್ಟಿಲ್ಲ.

ಸೇತುವೆಯೋ, ಕುದುರೆಯೋ

ತಂತಿಗಳನ್ನು ಹೊತ್ತು ನಿಂತಿರುವ ಮರದ ತುಂಡು ಬ್ರಿಡ್ಜ್. ಇಂಗ್ಲಿಷರ ಕಣ್ಣಿಗೆ ಅದು ಸೇತುವೆ. ವೀಣೆಯಲ್ಲಿ ಅದೇ ಕೆಲಸ ಮಾಡುವುದನ್ನು ನಾವು ಕುದುರೆ ಅನ್ನುತ್ತೇವೆ. ಫ್ರೆಂಚರ ಹೆಸರು ಷೆವಲೆ, ಅದೂ ಕುದುರೆಯಿಂದಲೇ ಬಂದ ಪದ. ತಂತಿಗಳು ಸವಾರಿ ಮಾಡುತ್ತಿವೆ ಅನ್ನುವ ಕಲ್ಪನೆ ಎರಡು ಕಡೆಯೂ ಮೂಡಿದೆ. ಆದರೆ ಇಂಗ್ಲಿಷ್ ಅಂಗಡಿಗೆ ಹೋಗಿ ಹಾರ್ಸ್ ಕೊಡಿ ಅಂದರೆ ಯಾರಿಗೂ ಗೊತ್ತಾಗುವುದಿಲ್ಲ.

ಬ್ರಿಡ್ಜನ್ನು ಹತ್ತಿರದಿಂದ ನೋಡಿ. ಕೆಳಗೆ ಎರಡು ಫೀಟ್, ಪಾದಗಳು. ನಡುವಿನ ಕೊರೆದ ಆಕಾರ ಹಾರ್ಟ್. ಅದರ ಅಕ್ಕಪಕ್ಕದ ಎರಡು ತೂತುಗಳು ಕಿಡ್ನಿಗಳು! ಇಷ್ಟು ಚಿಕ್ಕ ಮರದ ಚೂರಿಗೆ ಇಷ್ಟೊಂದು ಅಂಗಗಳು. ಇದನ್ನು ಅಂಟಿಸಿರುವುದಿಲ್ಲ, ತಂತಿಯ ಬಿಗಿಯಿಂದಲೇ ನಿಂತಿರುತ್ತದೆ. ಅದರ ಎರಡೂ ಪಕ್ಕ ಇಂಗ್ಲಿಷಿನ ಎಫ್ ಅಕ್ಷರದಂತಿರುವ ಸೀಳುಗಳಿಗೆ ಎಫ್ ಹೋಲ್ಸ್ ಅಂತಲೇ ಹೆಸರು. ಎಫ್‌ನ ನಡುವೆ ಸಣ್ಣ ಕಚ್ಚು ಇರುತ್ತದಲ್ಲ, ಅದು ನಾಚ್. ಎರಡೂ ಕಡೆಯ ಒಳಗಿನ ನಾಚ್‌ಗಳ ಸಾಲಿನಲ್ಲಿ ಬ್ರಿಡ್ಜ್ ನಿಲ್ಲಬೇಕು. ಬ್ರಿಡ್ಜ್ ಕಳಚಿದಾಗ ಮತ್ತೆ ಎಲ್ಲಿಡುವುದು ಅನ್ನುವುದಕ್ಕೆ ಇದೇ ಗುರುತು.

ಒಳಗಿನ ಎರಡು ಕಡ್ಡಿ

ಈಗ ನನ್ನ ಕಡ್ಡಿಯ ಕಥೆಗೆ ಬರೋಣ. ಬೆಲ್ಲಿಯ ಒಳಗಡೆ, ದಪ್ಪ ತಂತಿಯ ಕಡೆ ಉದ್ದಕ್ಕೆ ಅಂಟಿಸಿದ ಪಟ್ಟಿ ಬೇಸ್ ಬಾರ್. ಅಂಟಿಸಿರುವುದರಿಂದ ಅದು ಸುಲಭವಾಗಿ ಬೀಳುವುದಿಲ್ಲ. ಸಣ್ಣ ತಂತಿಯ ಕಡೆ, ಬ್ರಿಡ್ಜಿನ ಪಾದಕ್ಕಿಂತ ತುಸು ಹಿಂದೆ, ಬೆಲ್ಲಿಗೂ ಬ್ಯಾಕಿಗೂ ನಡುವೆ ಕಂಬದಂತೆ ನಿಂತಿರುವುದು ಸೌಂಡ್ ಪೋಸ್ಟ್. ಪೋಸ್ಟ್ ಅಂದರೆ ಇಲ್ಲಿ ಅಂಚೆಯಲ್ಲ, ಕಂಬ. ಲ್ಯಾಂಪ್ ಪೋಸ್ಟ್ ನೆನಪಿಸಿಕೊಳ್ಳಿ. ಇದಕ್ಕೆ ಅಂಟು ಇಲ್ಲ. ತಂತಿಯ ಬಿಗಿ ಬ್ರಿಡ್ಜನ್ನು ಒತ್ತುತ್ತದೆ, ಬ್ರಿಡ್ಜ್ ಬೆಲ್ಲಿಯನ್ನು ಒತ್ತುತ್ತದೆ, ಆ ಒತ್ತಡದಲ್ಲಿ ಕಂಬ ನಿಂತಿರುತ್ತದೆ. ಎಲ್ಲ ತಂತಿ ಬಿಚ್ಚಿದರೆ ಬೀಳಬಹುದು. ಅದಕ್ಕೇ ತಂತಿ ಬದಲಿಸುವಾಗ ಒಂದೊಂದಾಗಿ ಬದಲಿಸಿ.

ಇದನ್ನು ಇಟಾಲಿಯನ್ನರು ಆನಿಮಾ ಅಂತಲೂ ಫ್ರೆಂಚರು ಆಮ್ ಅಂತಲೂ ಕರೆಯುತ್ತಾರೆ. ಎರಡರ ಅರ್ಥವೂ ಆತ್ಮ. ಕಂಬ ಬಿದ್ದರೆ ದನಿ ಸತ್ತಂತಾಗುತ್ತದೆ, ಹಾಗಾಗಿ ಹೆಸರು ಸರಿಯಾಗಿಯೇ ಇದೆ. ನಮ್ಮ ತಂಬೂರಿಯಲ್ಲಿ ಕುದುರೆಗೂ ತಂತಿಗೂ ನಡುವೆ ಸಿಕ್ಕಿಸುವ ನೂಲನ್ನು ಜೀವ ಅನ್ನುತ್ತಾರಲ್ಲ, ನನಗೆ ಥಟ್ಟನೆ ಅದೇ ನೆನಪಾಯಿತು. ಇಂಗ್ಲಿಷಿನವರು ಮಾತ್ರ ಕಂಬ ಅಂದು ಸುಮ್ಮನಾದರು.

ಕಮಾನು

ಕಮಾನಿಗೆ ಇಂಗ್ಲಿಷಿನಲ್ಲಿ ಬೋ. ಉಚ್ಚಾರಣೆ ಮುಖ್ಯ. ಬೌ ಅಂದರೆ ತಲೆಬಾಗುವುದು, ಅಥವಾ ಹಡಗಿನ ಮುಂಭಾಗ. ಕಾಗುಣಿತ ಒಂದೇ ಆದ್ದರಿಂದ ನಾವು ಎಡವುತ್ತೇವೆ. ಬೇಸ್ ಕೂಡ ಹಾಗೇ, ಅದೇ ಕಾಗುಣಿತವನ್ನು ಬ್ಯಾಸ್ ಅಂತ ಓದಿದರೆ ಒಂದು ಜಾತಿಯ ಮೀನು.

ಬೋನ ಕೋಲು ಸ್ಟಿಕ್, ತುದಿ ಟಿಪ್. ಕೂದಲು ಹೇರ್, ನಿಜವಾದ ಕುದುರೆ ಬಾಲದ ಕೂದಲು, ಒಂದು ಕಮಾನಿಗೆ ಸುಮಾರು 150ರಿಂದ 200 ಎಳೆ. ಇಲ್ಲಿ ಏಕವಚನವೇ ಬರುತ್ತದೆ, ಬೋ ಹೇರ್. ಹೇರ್ಸ್ ಅಂದರೆ ಬಿಡಿ ಎಳೆಗಳು. ಕೈ ಹಿಡಿಯುವ ಕಡೆಯ ಕಪ್ಪು ತುಂಡು ಫ್ರಾಗ್, ಕಪ್ಪೆ! ಜರ್ಮನ್ನರೂ ಅದನ್ನು ಕಪ್ಪೆ ಅಂತಲೇ ಕರೆಯುತ್ತಾರೆ. ಅಂತೂ ನಮ್ಮ ವೀಣೆಯಲ್ಲಿ ಕುದುರೆ ಇದ್ದರೆ ಅವರ ಕಮಾನಿನಲ್ಲಿ ಕಪ್ಪೆ ಕೂತಿದೆ. ಹಿಂದಿನ ಸ್ಕ್ರೂ ತಿರುಗಿಸಿದರೆ ಕಪ್ಪೆ ಜರುಗಿ ಕೂದಲು ಬಿಗಿಯಾಗುತ್ತದೆ.

ಕೂದಲಿಗೆ ಉಜ್ಜುವ ರಾಳ ರಾಸಿನ್. ರೆಸಿನ್ ಅಂತ ಹೇಳಬೇಡಿ. ಮರದಿಂದ ಒಸರುವ ಅಂಟು ರೆಸಿನ್, ಪೈನ್ ಮರದ ಆ ಅಂಟನ್ನು ಕಾಯಿಸಿ ಎಣ್ಣೆಯಂಶ ತೆಗೆದಮೇಲೆ ಉಳಿಯುವ ಗಟ್ಟಿ ರಾಳ ರಾಸಿನ್.

ನಾವು ಎಡವುವ ನಾಲ್ಕು ಪದ

ಮೊದಲನೆಯದು ಕೀ. ತಂತಿ ಬಿಗಿಮಾಡಲು ತಿರುಗಿಸುವ ಬಿರಡೆಯನ್ನು ನಮ್ಮಲ್ಲಿ ತುಂಬಾ ಜನ ಕೀ ಅನ್ನುತ್ತಾರೆ, ಗಡಿಯಾರಕ್ಕೆ ಕೀ ಕೊಟ್ಟಂತೆ ತಿರುಗಿಸುತ್ತೇವಲ್ವಾ, ಅದಕ್ಕಿರಬೇಕು. ಸರಿಯಾದ ಪದ ಪೆಗ್. ಪೆಗ್‌ಗಳು ಕೂತಿರುವ ಪೆಟ್ಟಿಗೆ ಪೆಗ್‌ಬಾಕ್ಸ್. ಕೀ ಅಂದರೆ ಪಿಯಾನೊ, ಹಾರ್ಮೋನಿಯಂಗಳ ಮನೆ. ಪಿಯಾನೊದಲ್ಲಿ 88 ಕೀ, 52 ಬಿಳಿ, 36 ಕಪ್ಪು. ಹಾಡಿನ ಶ್ರುತಿಗೂ ಕೀ ಅನ್ನುತ್ತಾರೆ, ಅದು ಬೇರೆಯದೇ ಅರ್ಥ. ಕೆಳತುದಿಯಲ್ಲಿ ತಂತಿ ಸಿಕ್ಕಿಸುವ ಪಟ್ಟಿ ಟೇಲ್‌ಪೀಸ್. ಅದರ ಮೇಲಿನ ಪುಟ್ಟ ತಿರುಪುಗಳು ಫೈನ್ ಟ್ಯೂನರ್ಸ್. ಶ್ರುತಿ ಕೂದಲೆಳೆಯಷ್ಟು ತಪ್ಪಿದ್ದರೆ ಪೆಗ್ ಮುಟ್ಟದೆ ಇವನ್ನು ತಿರುಗಿಸುತ್ತೇವೆ.

ಎರಡನೆಯದು ವೈರ್. ಕನ್ನಡದಲ್ಲಿ ಕರೆಂಟಿನದೂ ತಂತಿ, ಬೇಲಿಯದೂ ತಂತಿ, ಪಿಟೀಲಿನದೂ ತಂತಿ. ಇಂಗ್ಲಿಷಿನಲ್ಲಿ ವಾದ್ಯದ್ದು ಸ್ಟ್ರಿಂಗ್. ಅದನ್ನು ಕಾರ್ಡ್ ಅನ್ನಲೂ ಬಾರದು, ಸಂಗೀತದಲ್ಲಿ ಕಾರ್ಡ್ ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು.

ಮೂರನೆಯದು ನಟ್. ಬೋಲ್ಟಿನ ಜೊತೆಗಿರುವ ನಟ್ ಅಲ್ಲ. ಫಿಂಗರ್‌ಬೋರ್ಡಿನ ಮೇಲ್ತುದಿಯಲ್ಲಿ ತಂತಿಗಳು ಕೂರುವ ಪುಟ್ಟ ದಿಣ್ಣೆ. ಗಿಟಾರಿಗೂ ಇದೇ ಹೆಸರು.

ನಾಲ್ಕನೆಯದು ಫ್ರೆಟ್. ಗಿಟಾರಿನ ಕತ್ತಿನ ಅಡ್ಡ ಲೋಹದ ಪಟ್ಟಿಗಳು. ವೀಣೆಯ ಮೆಟ್ಟಿಲುಗಳಿಗೂ ಇಂಗ್ಲಿಷಿನಲ್ಲಿ ಇದೇ ಪದ, ವೀಣೆಗೆ ಮೇಣದಲ್ಲಿ ಕೂರಿಸಿದ 24 ಫ್ರೆಟ್. ಪಿಟೀಲಿಗೆ ಫ್ರೆಟ್ ಇಲ್ಲ, ಸ್ವರದ ಜಾಗ ಬೆರಳಿಗೇ ಗೊತ್ತಿರಬೇಕು. ಡೋಂಟ್ ಫ್ರೆಟ್, ಅಂದರೆ ಚಿಂತಿಸಬೇಡ, ಅನ್ನುವ ಮಾತಿಗೂ ಇದಕ್ಕೂ ಸಂಬಂಧವಿಲ್ಲ.

ಬೇರೆ ವಾದ್ಯಗಳದ್ದು ಚುಟುಕಾಗಿ. ಮದ್ದಳೆ, ಮೃದಂಗ, ಡ್ರಮ್ ಯಾವುದೇ ಆಗಲಿ, ಬಡಿಯುವ ಚರ್ಮ ಹೆಡ್, ಪೊಳ್ಳು ಮೈ ಶೆಲ್. ಹಾರ್ಮೋನಿಯಂನ ತಿದಿ ಬೆಲ್ಲೋಸ್, ಒಂದೇ ಇದ್ದರೂ ಪದದ ಕೊನೆಗೆ ಸ ಇರುತ್ತದೆ. ಒಳಗೆ ನಡುಗಿ ದನಿ ಕೊಡುವ ಹಿತ್ತಾಳೆಯ ನಾಲಿಗೆ ರೀಡ್. ಮುಂದೆ ಎಳೆಯುವ ಗುಂಡಿಗಳು ಸ್ಟಾಪ್. ಚರ್ಚಿನ ದೊಡ್ಡ ಆರ್ಗನ್ನಿನಲ್ಲಿ ಎಲ್ಲ ಸ್ಟಾಪ್ ಎಳೆದರೆ ಪೂರ್ತಿ ದನಿ ಹೊರಡುತ್ತದೆ. ಪುಲ್ ಔಟ್ ಆಲ್ ದ ಸ್ಟಾಪ್ಸ್, ಇರುವ ಶಕ್ತಿಯನ್ನೆಲ್ಲ ಹಾಕುವುದು, ಎಂಬ ನುಡಿಗಟ್ಟು ಹುಟ್ಟಿದ್ದು ಅಲ್ಲಿಂದ.

ಅಭ್ಯಾಸ

ಬೆಂಗಳೂರಿನಲ್ಲಿದ್ದರೆ ವೈಯಾಲಿಕಾವಲ್ ಕಡೆ ಹೋಗಿ ಚೌಡಯ್ಯ ಸ್ಮಾರಕ ಭವನ ನೋಡಿ. 1980ರಲ್ಲಿ ಶುರುವಾದ ಇದು ಪಿಟೀಲಿನ ಆಕಾರದಲ್ಲೇ ಇದೆ. ತಿರುಮಕೂಡಲಿನ ಟಿ. ಚೌಡಯ್ಯ, ಮೈಕ್ ಇಲ್ಲದ ಕಾಲದಲ್ಲಿ ದನಿ ಸಾಲದೆಂದು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿಕೊಂಡವರು. ಕಟ್ಟಡಕ್ಕೂ ತಂತಿ, ಬಿರಡೆ, ಕುದುರೆ, ಕಮಾನು ಎಲ್ಲ ಇವೆ. ಎದುರು ನಿಂತು ಒಂದೊಂದಕ್ಕೂ ಇಂಗ್ಲಿಷಿನಲ್ಲಿ ಹೆಸರು ಹೇಳಿ.

ಆಮೇಲೆ ಈ ನಾಲ್ಕು ವಾಕ್ಯ ಜೋರಾಗಿ ಹೇಳಿಕೊಳ್ಳಿ. ಬಿರಡೆ ಜಾರುತ್ತಿದ್ದರೆ, ದ ಪೆಗ್ ಈಸ್ ಸ್ಲಿಪ್ಪಿಂಗ್. ತಂತಿ ತುಂಡಾದರೆ, ದ ಸ್ಟ್ರಿಂಗ್ ಸ್ನ್ಯಾಪ್ಡ್. ಕಮಾನಿಗೆ ಹೊಸ ಕೂದಲು ಹಾಕಿಸಬೇಕಾದರೆ, ಐ ನೀಡ್ ಟು ಗೆಟ್ ಮೈ ಬೋ ರೀಹೇರ್ಡ್. ಇಲ್ಲಿ ಗೆಟ್ ಬಿಡಬೇಡಿ, ಐ ನೀಡ್ ಟು ರೀಹೇರ್ ಮೈ ಬೋ ಅಂದರೆ ನೀವೇ ಕೂತು ಕೂದಲು ಕಟ್ಟುತ್ತೀರಿ ಅನ್ನುವ ಅರ್ಥ ಬರುತ್ತದೆ. ನಾಲ್ಕನೆಯದು ಆವತ್ತು ನಾನು ಫೋನಿನಲ್ಲಿ ಹೇಳಬೇಕಾಗಿದ್ದ ವಾಕ್ಯ: ದ ಸೌಂಡ್ ಪೋಸ್ಟ್ ಹ್ಯಾಸ್ ಫಾಲನ್.