ಮೀನಿನ ತೊಟ್ಟಿಯ ನೀರಿನ ತಾಪಮಾನ: ಅಳೆಯುವುದು ಹೇಗೆ, ನಂಬುವುದು ಎಷ್ಟು

ಕಳೆದ ಜನವರಿಯ ಒಂದು ಬೆಳಿಗ್ಗೆ ಬೆಂಗಳೂರಿನ ನಮ್ಮ ಮನೆಯ ನೂರು ಲೀಟರಿನ ತೊಟ್ಟಿಯಲ್ಲಿ ಮೂರು ತಾಪಮಾಪಕಗಳು ಮೂರು ಲೆಕ್ಕ ಹೇಳುತ್ತಿದ್ದವು. ಗಾಜಿನ ಹೊರಮೈಗೆ, ಕೆಳಮೂಲೆಯಲ್ಲಿ ಅಂಟಿಸಿದ್ದ ಬಣ್ಣದ ಪಟ್ಟಿಯಲ್ಲಿ 24ರ ಮನೆ ಹಸಿರಾಗಿತ್ತು. ನೀರಿನೊಳಗೆ ರಬ್ಬರ್ ಬಟ್ಟಲಿನ ಆಸರೆಯಲ್ಲಿ ನಿಂತಿದ್ದ ಗಾಜಿನ ನಳಿಗೆಯ ಕೆಂಪು ಗೆರೆ 26ಕ್ಕೆ ಬಂದಿತ್ತು. ತಂತಿಯ ತುದಿಯಲ್ಲಿ ಪ್ರೋಬ್ ಇರುವ ಡಿಜಿಟಲ್ ಮಾಪಕ 27.3 ಎನ್ನುತ್ತಿತ್ತು. ಹೊಸದಾಗಿ ಮೀನು ಸಾಕುವವರು ಇಂಥ ಸಂದರ್ಭದಲ್ಲಿ ದಶಾಂಶ ಬಿಂದು ಇರುವ ಅಂಕಿಯನ್ನೇ ನಂಬುತ್ತಾರೆ, ನಾನೂ ಮೊದಲು ಹಾಗೆಯೇ ನಂಬಿದ್ದೆ. ಆದರೆ ಬಿಂದುವಿನ ನಂತರದ ಅಂಕಿಯು ಮಾಪಕ ಎಷ್ಟು ಸೂಕ್ಷ್ಮವಾಗಿ ಬರೆಯುತ್ತದೆ ಎಂಬುದನ್ನು ತೋರಿಸುತ್ತದೆಯೇ ಹೊರತು ಎಷ್ಟು ಸರಿಯಾಗಿ ಅಳೆಯುತ್ತದೆ ಎಂಬುದನ್ನಲ್ಲ. ಈ ವ್ಯತ್ಯಾಸವನ್ನು ಅರಿತು, ಮನೆಯಲ್ಲಿರುವ ವಸ್ತುಗಳಿಂದಲೇ ಮಾಪಕವನ್ನು ಪರೀಕ್ಷಿಸಿಕೊಳ್ಳುವ ಕ್ರಮವನ್ನು ಜೊತೆಯ ಕಲಿಕೆಗಾರರಿಗಾಗಿ ಇಲ್ಲಿ ಬರೆದಿದ್ದೇನೆ.

ಒಂದೆರಡು ಡಿಗ್ರಿಗೆ ಇಷ್ಟು ತಲೆಕೆಡಿಸಿಕೊಳ್ಳಬೇಕೆ ಎಂಬ ಪ್ರಶ್ನೆ ಸಹಜ. ಮೀನು ತನ್ನ ಮೈಯ ಬಿಸಿಯನ್ನು ತಾನೇ ಕಾಯ್ದುಕೊಳ್ಳಲಾರದು. ನೀರು ಎಷ್ಟಿದೆಯೋ ಅದರ ಮೈಯೂ ಹೆಚ್ಚುಕಡಿಮೆ ಅಷ್ಟೇ. ನಿಯಾನ್ ಟೆಟ್ರಾ 21ರಿಂದ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೆಮ್ಮದಿಯಾಗಿರುತ್ತದೆ, ಡಿಸ್ಕಸ್‌ಗೆ 28ರಿಂದ 30 ಬೇಕು. ಎರಡು ಡಿಗ್ರಿ ತಪ್ಪು ತೋರಿಸುವ ಮಾಪಕವನ್ನು ನಂಬಿದರೆ ಒಂದು ಜಾತಿಯ ಮೀನನ್ನು ಇನ್ನೊಂದರ ನೀರಿನಲ್ಲಿ ಇಟ್ಟಂತಾಗುತ್ತದೆ. ಇದಲ್ಲದೆ ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಬಲ್ಲ ಆಮ್ಲಜನಕ ಕಡಿಮೆಯಾಗುತ್ತದೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9.1 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಯಲ್ಲಿ ಸುಮಾರು 7.6 ಮಿಲಿಗ್ರಾಂ ಮಾತ್ರ ಹಿಡಿಯುತ್ತದೆ, ಅದೇ ಹೊತ್ತಿಗೆ ಮೀನಿನ ಉಸಿರಾಟದ ಅಗತ್ಯ ಏರಿರುತ್ತದೆ. ಅಮೋನಿಯಾದ ಮಾತೂ ಹೀಗೆಯೇ. ಪಿಎಚ್ 8 ಇರುವ ನೀರಿನಲ್ಲಿ ಒಟ್ಟು ಅಮೋನಿಯಾದ ಸುಮಾರು ಶೇಕಡಾ 5ರಷ್ಟು ಭಾಗ 25 ಡಿಗ್ರಿಯಲ್ಲಿ ವಿಷರೂಪದಲ್ಲಿದ್ದರೆ, 30 ಡಿಗ್ರಿಯಲ್ಲಿ ಆ ಪಾಲು ಶೇಕಡಾ 7ನ್ನು ದಾಟುತ್ತದೆ. ಬಿಳಿಚುಕ್ಕೆ ರೋಗ ಬಂದಾಗ ನೀರನ್ನು ನಿಧಾನವಾಗಿ 30ರವರೆಗೆ ಏರಿಸಿ ಚಿಕಿತ್ಸೆ ಮಾಡುವವರಿಗಂತೂ ಆ 30 ನಿಜವಾದ 30 ಆಗಿರಲೇಬೇಕು.

ಮಾಪಕಗಳ ವಿಚಾರಕ್ಕೆ ಹೋಗುವ ಮೊದಲು ನೀರಿನ ಸ್ವಭಾವದ ಬಗ್ಗೆ ಒಂದು ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಮುಂದೆ ಅನೇಕ ಕಡೆ ಅದೇ ನಮಗೆ ಸಾಕ್ಷಿ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4.19 ಕಿಲೋಜೂಲ್ ಶಕ್ತಿ ಬೇಕು. ನೂರು ಲೀಟರಿಗೆ 419 ಕಿಲೋಜೂಲ್. ನೂರು ವ್ಯಾಟ್‌ನ ಹೀಟರ್ ಸೆಕೆಂಡಿಗೆ ನೂರು ಜೂಲ್ ಕೊಡುತ್ತದೆ. ಅಂದರೆ ಕೋಣೆಗೆ ಸ್ವಲ್ಪವೂ ಶಾಖ ಸೋರದಿದ್ದರೂ ತೊಟ್ಟಿ ಒಂದು ಡಿಗ್ರಿ ಏರಲು ಸುಮಾರು 70 ನಿಮಿಷ ಬೇಕು. ಹೀಗಿರುವಾಗ ಮಾಪಕವು ಹತ್ತು ನಿಮಿಷದಲ್ಲಿ ಎರಡು ಡಿಗ್ರಿ ಏರಿತೆಂದು ತೋರಿಸಿದರೆ, ಏರಿದ್ದು ತೊಟ್ಟಿಯ ನೀರಲ್ಲ. ಪ್ರೋಬ್ ಹೀಟರಿನ ಬಿಸಿ ಹರಿವಿಗೆ ಸಿಕ್ಕಿರಬೇಕು, ಇಲ್ಲವೇ ಮಾಪಕವೇ ಕೆಟ್ಟಿರಬೇಕು.

ಮಾಪಕಗಳು ಮತ್ತು ಅವುಗಳ ತಪ್ಪುಗಳು

ಹೊರಗೆ ಅಂಟಿಸುವ ಪಟ್ಟಿಯಲ್ಲಿ ದ್ರವಸ್ಫಟಿಕದ ತೆಳು ಪದರಗಳಿರುತ್ತವೆ. ಒಂದೊಂದು ಮನೆಯೂ ಒಂದೊಂದು ತಾಪಮಾನಕ್ಕೆ ಬಣ್ಣ ಬದಲಿಸುತ್ತದೆ. ಇದರ ಮಿತಿ ಅದು ಇರುವ ಜಾಗದಲ್ಲಿಯೇ ಇದೆ, ಏಕೆಂದರೆ ಅದರ ಒಂದು ಮೈ ಗಾಜಿಗೆ, ಇನ್ನೊಂದು ಮೈ ಕೋಣೆಯ ಗಾಳಿಗೆ. ನೀರು 26, ಕೋಣೆ 17 ಡಿಗ್ರಿ ಇರುವಾಗ 6 ಮಿಲಿಮೀಟರ್ ದಪ್ಪದ ಗಾಜಿನ ಹೊರಮೈ ನೀರಿಗಿಂತ ಅರ್ಧದಿಂದ ಒಂದು ಡಿಗ್ರಿಯಷ್ಟು ತಣ್ಣಗಿರುತ್ತದೆ ಎಂದು ಶಾಖದ ಹರಿವಿನ ಲೆಕ್ಕ ಹೇಳುತ್ತದೆ. ಫ್ಯಾನಿನ ಗಾಳಿ ನೇರವಾಗಿ ಬೀಸಿದರೆ ಇನ್ನೂ ಹೆಚ್ಚು. ಮೇ ತಿಂಗಳ ಮಧ್ಯಾಹ್ನ ಕೋಣೆಯೇ ನೀರಿಗಿಂತ ಬಿಸಿಯಾಗಿದ್ದರೆ ತಪ್ಪು ತಿರುಗಿ ಮೇಲಕ್ಕೆ ಹೋಗುತ್ತದೆ. ಹೀಗೆ ಋತುವಿನೊಡನೆ ದಿಕ್ಕು ಬದಲಿಸುವ ತಪ್ಪನ್ನು ಒಂದು ಸ್ಥಿರ ಅಂಕಿ ಕಳೆದು ಸರಿಪಡಿಸಲಾಗದು. ಆದ್ದರಿಂದ ಪಟ್ಟಿಯನ್ನು ದೂರದಿಂದಲೇ ಒಂದು ನೋಟ ಹಾಕಲು ಇಟ್ಟುಕೊಳ್ಳಬಹುದು, ತೀರ್ಮಾನಕ್ಕೆ ಬೇಡ.

ಕೆಂಪು ಅಥವಾ ನೀಲಿ ಗೆರೆಯ ಗಾಜಿನ ನಳಿಗೆ ಅಗ್ಗದ್ದಾದರೂ ನನಗೆ ಅದರ ಮೇಲೆ ಗೌರವವಿದೆ. ಬ್ಯಾಟರಿ ಬೇಡ, ತಂತಿ ಬೇಡ, ನೀರಿನಲ್ಲೇ ಪೂರ್ತಿ ಮುಳುಗಿರುತ್ತದೆ. ಅದರಲ್ಲಿ ನೋಡಬೇಕಾದ ದೋಷಗಳು ಎರಡು. ಮೊದಲನೆಯದು, ಅನೇಕ ನಳಿಗೆಗಳಲ್ಲಿ ಅಳತೆಯ ಗೀಟುಗಳು ಗಾಜಿನ ಮೇಲೆ ಕೊರೆದಿರದೆ ಒಳಗಿನ ಕಾಗದದ ಚೂರಿನ ಮೇಲೆ ಮುದ್ರಿತವಾಗಿರುತ್ತವೆ. ಸಾಗಿಸುವಾಗ ಆ ಕಾಗದ ಒಂದೆರಡು ಮಿಲಿಮೀಟರ್ ಜಾರಿದರೆ ಎಲ್ಲ ಅಂಕಿಗಳೂ ಒಟ್ಟಾಗಿ ತಪ್ಪುತ್ತವೆ. ಎರಡನೆಯದು, ದ್ರವದ ಗೆರೆ ನಡುವೆ ತುಂಡಾಗುವುದು. ಬೆಳಕಿಗೆ ಹಿಡಿದು ನೋಡಿದರೆ ಕೆಂಪಿನ ನಡುವೆ ಕೂದಲೆಳೆಯಷ್ಟು ಬಿಳಿ ಖಾಲಿ ಜಾಗ ಕಾಣುತ್ತದೆ, ಆ ಖಾಲಿ ಜಾಗದಷ್ಟೇ ಓದು ಹೆಚ್ಚಾಗಿರುತ್ತದೆ. ಓದುವಾಗ ಕಣ್ಣು ಗೆರೆಯ ತುದಿಯ ಮಟ್ಟದಲ್ಲೇ ಇರಬೇಕು. ನಿಂತುಕೊಂಡು ಮೇಲಿನಿಂದ ಬಾಗಿ ನೋಡಿದರೆ ಅರ್ಧ ಡಿಗ್ರಿ ಸುಲಭವಾಗಿ ತಪ್ಪುತ್ತದೆ. ನೀರಿನಿಂದ ಹೊರತೆಗೆದು ಓದುವುದಂತೂ ಸಲ್ಲ, ಒದ್ದೆ ಗಾಜು ಗಾಳಿಗೆ ಬಂದ ಕೂಡಲೇ ತಣ್ಣಗಾಗತೊಡಗುತ್ತದೆ.

ಡಿಜಿಟಲ್ ಮಾಪಕದ ಪ್ರೋಬಿನಲ್ಲಿ ಸಾಮಾನ್ಯವಾಗಿ ಇರುವುದು ಥರ್ಮಿಸ್ಟರ್. ಬಿಸಿ ಏರಿದಂತೆ ಅದರ ವಿದ್ಯುತ್ ರೋಧ ಇಳಿಯುತ್ತದೆ, ನಮ್ಮ ತೊಟ್ಟಿಯ ತಾಪಮಾನಗಳಲ್ಲಿ ಡಿಗ್ರಿಗೆ ಸುಮಾರು ಶೇಕಡಾ 4ರಷ್ಟು. ರೋಧದಲ್ಲಿ ಶೇಕಡಾ 5ರ ವ್ಯತ್ಯಾಸವನ್ನು ಒಪ್ಪಿಕೊಂಡು ತಯಾರಿಸಿದ ಅಗ್ಗದ ಥರ್ಮಿಸ್ಟರ್ ಒಂದು ಡಿಗ್ರಿಗಿಂತ ಹೆಚ್ಚು ತಪ್ಪಬಹುದು. ಪರದೆ ಮಾತ್ರ ಹತ್ತನೇ ಒಂದು ಡಿಗ್ರಿಯವರೆಗೂ ತೋರಿಸುತ್ತಲೇ ಇರುತ್ತದೆ. ವರ್ಷಗಳು ಕಳೆದಂತೆ ಪ್ರೋಬಿನ ಒಳಗೆ ತೇವ ನುಸುಳಿದರೆ ವಿದ್ಯುತ್ತಿಗೆ ಇನ್ನೊಂದು ದಾರಿ ಸಿಕ್ಕಿ ರೋಧ ಕಡಿಮೆಯಾದಂತೆ ಕಾಣುತ್ತದೆ, ಹೀಗಾಗಿ ಮಾಪಕ ಇರುವುದಕ್ಕಿಂತ ಹೆಚ್ಚು ಓದುತ್ತದೆ. ಇದು ಅಪಾಯದ ತಪ್ಪು: ಚಳಿಗಾಲದಲ್ಲಿ ನೀರು ಬೆಚ್ಚಗಿದೆ ಎಂದುಕೊಂಡು ನಾವು ಹೀಟರನ್ನು ಇಳಿಸಿಬಿಡುತ್ತೇವೆ. ಸ್ವಂತವಾಗಿ ನಿಯಂತ್ರಕ ಕಟ್ಟಿಕೊಳ್ಳುವವರು ಬಳಸುವ ಡಿಎಸ್18ಬಿ20 ಸೆನ್ಸರಿನ ತಯಾರಕರು −10ರಿಂದ 85 ಡಿಗ್ರಿಯ ನಡುವೆ ಅರ್ಧ ಡಿಗ್ರಿಯೊಳಗಿನ ನಿಖರತೆಯ ಭರವಸೆ ಕೊಡುತ್ತಾರೆ, ಆದರೂ ಅದು ತನ್ನ ಓದನ್ನು 0.0625 ಡಿಗ್ರಿಯ ಮೆಟ್ಟಿಲುಗಳಲ್ಲಿ ಕೊಡುತ್ತದೆ. ಭರವಸೆಯ ಅರ್ಧ ಡಿಗ್ರಿಯನ್ನೇ ನೆನಪಿಡಬೇಕು.

ಇನ್‌ಫ್ರಾರೆಡ್ ಗನ್ ನೀರಿನ ಮೇಲ್ಮೈಯ ತೆಳು ಪದರವನ್ನಷ್ಟೇ ಕಾಣುತ್ತದೆ. ಗಾಜಿನ ಮೂಲಕ ಗುರಿಯಿಟ್ಟರೆ ಗಾಜಿನ ಬಿಸಿಯನ್ನೇ ಹೇಳುತ್ತದೆ, ಏಕೆಂದರೆ ಅದು ನೋಡುವ ಕಿರಣಗಳಿಗೆ ಗಾಜು ಗೋಡೆಯಿದ್ದಂತೆ. ಪಾದರಸದ ಹಳೆಯ ಥರ್ಮಾಮೀಟರನ್ನು ತೊಟ್ಟಿಯ ಹತ್ತಿರಕ್ಕೂ ತರಬಾರದು.

ಮನೆಯಲ್ಲೇ ಪರೀಕ್ಷೆ

ಎರಡು ನಂಬಲರ್ಹ ಬಿಂದುಗಳು ಅಡುಗೆಮನೆಯಲ್ಲೇ ಸಿಗುತ್ತವೆ. ಮೊದಲನೆಯದು ಕರಗುತ್ತಿರುವ ಮಂಜುಗಡ್ಡೆ, ಅಂದರೆ 0 ಡಿಗ್ರಿ. ಇದನ್ನು ಅವಸರದಲ್ಲಿ ಮಾಡಿದರೆ ಫಲವಿಲ್ಲ. ಲೋಟದ ನೀರಿಗೆ ನಾಲ್ಕು ಐಸ್ ತುಂಡು ಹಾಕಿ ಪ್ರೋಬನ್ನು ತಳಕ್ಕೆ ಇಳಿಬಿಟ್ಟರೆ 3 ಅಥವಾ 4 ಡಿಗ್ರಿ ಕಾಣಬಹುದು, ಅದು ಮಾಪಕದ ತಪ್ಪಲ್ಲ. ನೀರು ಅತ್ಯಂತ ಭಾರವಾಗಿರುವುದು ಸುಮಾರು 4 ಡಿಗ್ರಿಯಲ್ಲಿ, ಆ ನೀರು ತಳ ಸೇರುತ್ತದೆ, ಐಸ್ ಮೇಲೆ ತೇಲುತ್ತದೆ. ಐಸನ್ನು ಬಟ್ಟೆಯಲ್ಲಿ ಕಟ್ಟಿ, ಲಟ್ಟಣಿಗೆಯಿಂದ ಕುಟ್ಟಿ, ಸಕ್ಕರೆಯ ಹರಳಿನಿಂದ ಕಡಲೆಕಾಳಿನಷ್ಟು ಗಾತ್ರಕ್ಕೆ ತರಬೇಕು. ಅದನ್ನು ಫ್ಲಾಸ್ಕಿನಲ್ಲಿ ಅಂಚಿನವರೆಗೆ ತುಂಬಿ, ಸಂದುಗಳು ತುಂಬುವಷ್ಟು ಮಾತ್ರ ತಣ್ಣೀರು ಸುರಿದು, ಚಮಚದ ಹಿಡಿಯಿಂದ ಕಲಕುತ್ತ ಐದು ನಿಮಿಷ ಬಿಡಬೇಕು. ಪ್ರೋಬು ಗೋಡೆಗಾಗಲಿ ತಳಕ್ಕಾಗಲಿ ತಾಗದೆ ಐಸಿನ ನಡುವೆ ಇರಬೇಕು. ಶೋಧಿಸಿದ ಕುಡಿಯುವ ನೀರು ಸಾಕು. ಬೋರ್‌ವೆಲ್ಲಿನ ಗಡಸು ನೀರಾದರೂ ಲೀಟರಿಗೆ ಒಂದು ಗ್ರಾಂ ಲವಣವು ಹೆಪ್ಪುಗಟ್ಟುವ ಬಿಂದುವನ್ನು ಹತ್ತನೇ ಒಂದು ಡಿಗ್ರಿಯಷ್ಟೂ ಇಳಿಸುವುದಿಲ್ಲ.

ಎರಡನೆಯ ಬಿಂದುವಿಗೆ ಕುದಿಯುವ ನೀರು ಬೇಡ. ತೊಟ್ಟಿಯ ಮಾಪಕಗಳು ಆ ಬಿಸಿಗೆ ಕೆಡುತ್ತವೆ. ಅಲ್ಲದೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಯಲ್ಲಿ. ಅದರ ಬದಲು ಡಿಜಿಟಲ್ ಜ್ವರದ ಥರ್ಮಾಮೀಟರನ್ನು ಬಳಸಬೇಕು. ಮೈಬಿಸಿಯ ಆಸುಪಾಸಿನಲ್ಲಿ ಹತ್ತನೇ ಒಂದು ಡಿಗ್ರಿಯ ಮಟ್ಟದ ನಿಖರತೆಗೆಂದೇ ತಯಾರಾದ ಉಪಕರಣ ಅದು, ಮನೆಯಲ್ಲಿರುವ ಮಾಪಕಗಳಲ್ಲಿ ಅದಕ್ಕಿಂತ ನಂಬಲರ್ಹವಾದುದು ಬಹುಶಃ ಇನ್ನೊಂದಿಲ್ಲ. ಅಗಲ ಬಾಯಿಯ ಫ್ಲಾಸ್ಕಿನಲ್ಲಿ 37–38 ಡಿಗ್ರಿಯ ಉಗುರುಬೆಚ್ಚಗಿನ ನೀರು ತುಂಬಿ, ಎರಡೂ ತುದಿಗಳನ್ನು ಪಕ್ಕಪಕ್ಕದಲ್ಲಿ ಇಳಿಬಿಟ್ಟು, ಮೆಲ್ಲಗೆ ಕಲಕಿ ಒಟ್ಟಿಗೆ ಓದಬೇಕು. ಜ್ವರದ ಥರ್ಮಾಮೀಟರ್ ಕಂಡ ಗರಿಷ್ಠ ಅಂಕಿಯನ್ನೇ ಹಿಡಿದಿಡುತ್ತದೆ, ಆದ್ದರಿಂದ ಬೀಪ್ ಆದ ಕೂಡಲೇ ಎರಡನ್ನೂ ಬರೆದುಕೊಳ್ಳಬೇಕು. ಹತ್ತೇ ಸೆಕೆಂಡಿನಲ್ಲಿ ಓದು ಕೊಡುವ ವೇಗದ ಮಾದರಿಗಳು ಬಾಯಿಯ ಬಿಸಿಯನ್ನು ಮುಂದಾಗಿ ಊಹಿಸಿ ಹೇಳುವಂಥವು, ನೀರಿನಲ್ಲಿ ಅವುಗಳ ಊಹೆ ತಪ್ಪುತ್ತದೆ.

ನನ್ನ ಡಿಜಿಟಲ್ ಮಾಪಕ ಐಸಿನಲ್ಲಿ 0.8 ಎಂದಿತು, ಜ್ವರದ ಥರ್ಮಾಮೀಟರ್ 37.0 ಎಂದಾಗ ಇದು 38.2 ಎಂದಿತು. ಅಂದರೆ ತಪ್ಪು ಕೆಳಗೆ 0.8, ಮೇಲೆ 1.2. ನಡುವಿನ 26ರ ಹತ್ತಿರ ಎಷ್ಟೆಂದರೆ, 0.8ಕ್ಕೆ 0.4ರ ಮೂವತ್ತೇಳರಲ್ಲಿ ಇಪ್ಪತ್ತಾರು ಪಾಲು ಕೂಡಿಸಬೇಕು, ಸುಮಾರು 1.1 ಬರುತ್ತದೆ. ಆ ಬೆಳಗಿನ 27.3 ವಾಸ್ತವದಲ್ಲಿ 26.2 ಆಗಿತ್ತು. ಕೆಂಪು ಗೆರೆಯ ನಳಿಗೆ ಸರಿಯಾಗಿಯೇ ಹೇಳಿತ್ತು.

ಎಲ್ಲಿ, ಯಾವಾಗ

ಹಾಗಿದ್ದರೆ ಪಟ್ಟಿ 24 ಎಂದು ಎರಡು ಡಿಗ್ರಿಯಷ್ಟು ಕೆಳಗೆ ಹೋದದ್ದೇಕೆ? ಪ್ರೋಬನ್ನು ಅದೇ ಕೆಳಮೂಲೆಗೆ ಸರಿಸಿ ಕಾಲು ಗಂಟೆ ಬಿಟ್ಟು ನೋಡಿದಾಗ ಅಲ್ಲಿನ ನೀರೇ ಒಂದು ಡಿಗ್ರಿ ತಣ್ಣಗಿತ್ತು. ದಟ್ಟವಾಗಿ ಬೆಳೆದ ಗಿಡಗಳ ಹಿಂದೆ ಫಿಲ್ಟರಿನ ಹರಿವು ತಲುಪುತ್ತಿರಲಿಲ್ಲ, ಬಿಸಿ ನೀರು ಮೇಲೇರಿ ತಣ್ಣನೆಯದು ಅಲ್ಲೇ ಕೂತಿತ್ತು. ಉಳಿದ ಒಂದು ಡಿಗ್ರಿ ಗಾಜು ಮತ್ತು ಗಾಳಿಯದು, ಜೊತೆಗೆ ಎರಡೆರಡು ಡಿಗ್ರಿಗೆ ಒಂದು ಮನೆ ಇರುವ ಪಟ್ಟಿಯದು. ಹೀಗಾಗಿ ಮಾಪಕವನ್ನು ಹೀಟರಿನ ಎದುರು ತುದಿಯಲ್ಲಿ, ಹರಿವು ಇರುವ ಕಡೆ, ನೀರಿನ ಅರ್ಧ ಆಳದಲ್ಲಿ ಇಡುವುದು ಸೂಕ್ತ. ತಿಂಗಳಿಗೊಮ್ಮೆ ನಾಲ್ಕು ಮೂಲೆಗಳಲ್ಲೂ ಅಳೆದು ನೋಡಿದರೆ ಹರಿವಿನ ಕೊರತೆ ಎಲ್ಲಿದೆ ಎಂಬುದೂ ತಿಳಿಯುತ್ತದೆ. ಕೈ ಹಾಕುವ ಮೊದಲು ಹೀಟರಿನ ಪ್ಲಗ್ ತೆಗೆಯುವುದನ್ನು ಮರೆಯಬಾರದು.

ದಿನಕ್ಕೆ ಎರಡು ಓದು ಸಾಕು: ದೀಪ ಹಾಕುವ ಮೊದಲು ಬೆಳಿಗ್ಗೆ ಒಂದು, ಮಧ್ಯಾಹ್ನ ಮೂರು ನಾಲ್ಕರ ನಡುವೆ ಒಂದು. ನೀರು ಬದಲಿಸುವ ದಿನ ಮಾತ್ರ ಹೊಸ ನೀರನ್ನೂ ಬಕೆಟಿನಲ್ಲೇ ಅಳೆಯಬೇಕು. ಏಪ್ರಿಲ್ ಮಧ್ಯಾಹ್ನ ಮಾಳಿಗೆಯ ಕಪ್ಪು ಪ್ಲಾಸ್ಟಿಕ್ ಟ್ಯಾಂಕಿನಿಂದ ಬರುವ ನೀರು 36 ಡಿಗ್ರಿ ಇದ್ದು, 26ರಲ್ಲಿರುವ ನೂರು ಲೀಟರಿನಲ್ಲಿ 25 ಲೀಟರನ್ನು ಅದರಿಂದ ಬದಲಿಸಿದರೆ ತೊಟ್ಟಿ ಕೆಲವೇ ನಿಮಿಷಗಳಲ್ಲಿ 28.5ಕ್ಕೆ ಏರುತ್ತದೆ. ಹೀಟರಿಗೆ ಸುಮಾರು ಮೂರು ಗಂಟೆ ಹಿಡಿಯುವ ಏರಿಕೆ ಅದು.

ಪರೀಕ್ಷೆಯಲ್ಲಿ ಬಂದ ತಿದ್ದುಪಡಿಯನ್ನು ಒಂದು ಟೇಪಿನ ಮೇಲೆ ದಿನಾಂಕದೊಡನೆ ಬರೆದು ಮಾಪಕದ ಬೆನ್ನಿಗೆ ಅಂಟಿಸಿದ್ದೇನೆ: "ಓದಿನಲ್ಲಿ 1.1 ಕಳೆಯಿರಿ". ಮನೆಯಲ್ಲಿ ನಾನಿಲ್ಲದಾಗ ಮೀನು ನೋಡಿಕೊಳ್ಳುವವರಿಗೂ ಅದು ಕಾಣಬೇಕು. ಆರು ತಿಂಗಳಿಗೊಮ್ಮೆ ಐಸಿನ ಪರೀಕ್ಷೆಯನ್ನು ಮತ್ತೆ ಮಾಡಿ, 0.8 ಇದ್ದದ್ದು ಮೇಲಕ್ಕೆ ಸರಿಯುತ್ತಿದೆ ಎಂದು ಕಂಡರೆ ಪ್ರೋಬಿಗೆ ತೇವ ಹೊಕ್ಕಿದೆ ಎಂದು ತಿಳಿದು ಅದನ್ನು ಬದಲಿಸಬೇಕು.