ಪಾಳಿ ತಪ್ಪಿದ ಸಾವು: ರನ್ನನ ಒಂದು ಪದ್ಯ

ರನ್ನನ ‘ಗದಾಯುದ್ಧ’ದ ಶೋಕಪದ್ಯಗಳ ಅಂಚಿನಲ್ಲಿ ‘ಕರುಣರಸ’ ಎಂದು ಬರೆದುಕೊಂಡು ಮುಂದೆ ಹೋಗುವುದು ನಮ್ಮ ರೂಢಿ. ನಾನೂ ಹಾಗೆಯೇ ಓದಿದ್ದೆ. ಕವಿ ನಮ್ಮ ಮುಧೋಳದವನು, ಬಳೆಗಾರರ ಮನೆಯವನು ಎಂಬ ಹೆಮ್ಮೆಯಿತ್ತು, ಪದ್ಯ ಮಾತ್ರ ಒಳಗಿಳಿದಿರಲಿಲ್ಲ. 2021ರ ಕೊರೊನಾ ಅಲೆಯಲ್ಲಿ ಸೋದರಮಾವ ತೀರಿಕೊಂಡ ಮೇಲೆ ಅದೇ ಪುಟ ಮತ್ತೆ ತೆರೆದೆ.

ಸಂದರ್ಭ ಗೊತ್ತಿರುವುದೇ. ದುರ್ಯೋಧನ ಭೀಷ್ಮನನ್ನು ಕಾಣಲು ಸಂಜಯನೊಡನೆ ಹೆಣಗಳ ನಡುವೆ ನಡೆಯುತ್ತಿದ್ದಾನೆ. ಮಗ ಲಕ್ಷಣಕುಮಾರನ ಶವ ಕಂಡಾಗ ಅವನ ಅಳಲು ಇದು: ಮಗ ತಂದೆಗೆ ತರ್ಪಣದ ನೀರು ಬಿಡಬೇಕು, ಈಗ ನಾನು ನಿನಗೆ ಬಿಡುವಂತಾಯಿತಲ್ಲ, ಹೀಗೆ ‘ಕ್ರಮವಿಪರ್ಯಯ’ (ಕ್ರಮವನ್ನು ತಲೆಕೆಳಗು) ಮಾಡಬಹುದೇ? ಈ ಪದವನ್ನು ಗುರುತು ಹಾಕಿಕೊಳ್ಳಿ. ದುಶ್ಶಾಸನನ ಶವದ ಮುಂದೆ ಬರುವ ಪದ್ಯಕ್ಕೆ ಬೀಗದ ಕೈ ಇದೇ.

ಆ ಪದ್ಯ ‘ಜನನೀಸ್ತನ್ಯಮನುಂಡೆನಾಂ’ ಎಂದು ಶುರುವಾಗುತ್ತದೆ. ತಾಯಿಯ ಮೊಲೆಹಾಲನ್ನು ಮೊದಲು ನಾನು ಉಂಡೆ, ಆಮೇಲೆ ನೀನು. ಸೋಮಾಮೃತ, ದಿವ್ಯಭೋಜನ ಎಲ್ಲದರಲ್ಲೂ ಅದೇ ಕ್ರಮ. ಚಿಕ್ಕಂದಿನಿಂದ ನೀನು ವಿನಯ ಮೀರಿದವನಲ್ಲ. ಆದರೆ ‘ಮರಣಕ್ಕೆನ್ನಿಂದೆ ನೀಂ ಮುಂಚಿದೈ’, ಸಾವಿಗೆ ಮಾತ್ರ ನನಗಿಂತ ನೀನು ಮುಂದಾದೆ. ಇದೊಂದರಲ್ಲಿ ‘ಸೂಳ್’ ತಡವಾಯಿತು. ಸೂಳ್ ಎಂದರೆ ಸರದಿ, ನಮ್ಮ ಕಡೆಯ ಮಾತಿನಲ್ಲಿ ಪಾಳಿ. ಪಂಪಭಾರತದಲ್ಲಿ ಭೀಷ್ಮ ಕರ್ಣನಿಗೆ ‘ಸೂಳ್ಪಡೆಯಲಪ್ಪುದು’ (ನಿನಗೂ ಸರದಿ ಸಿಕ್ಕೀತು) ಎನ್ನುವಾಗಲೂ ಇದೇ ಸೂಳ್. ಹಿಟ್ಟಿನ ಗಿರಣಿಯಲ್ಲಿ ಪಾಳಿ, ನೀರಿಗೆ ಪಾಳಿ, ಆ ವರ್ಷ ಆಸ್ಪತ್ರೆಯ ಹಾಸಿಗೆಗೂ ಪಾಳಿ. ಶವದ ಮುಂದೆ ನಿಂತ ಚಕ್ರವರ್ತಿಯ ಬಾಯಲ್ಲೂ ಇಂಥ ದಿನಬಳಕೆಯ ಮಾತೇ ಬರುತ್ತದೆ. ಉಪಮೆಯಿಲ್ಲ, ರೂಪಕವಿಲ್ಲ. ಮತ್ತೇಭವಿಕ್ರೀಡಿತದಂಥ ಭಾರಿ ಛಂದಸ್ಸಿನೊಳಗೆ ಅಣ್ಣತಮ್ಮಂದಿರ ಊಟದ ಲೆಕ್ಕ!

‘ವಿನಯೋಲ್ಲಂಘನಮಾದುದಿಲ್ಲ’ ಎಂಬಲ್ಲಿ ನಾನು ಬಹಳ ಹೊತ್ತು ನಿಂತೆ. ದ್ರೌಪದಿಯ ಮುಡಿಗೆ ಕೈ ಹಾಕಿದವನು ವಿನಯ ಮೀರಲಿಲ್ಲವೇ? ಅಣ್ಣನ ಕಣ್ಣಿನಲ್ಲಿ ಮೀರಲಿಲ್ಲ. ಆ ಕೇಡು ಅಣ್ಣನ ಮಾತು ಪಾಲಿಸಿದ್ದರಿಂದಲೇ ನಡೆಯಿತು. ದುರ್ಯೋಧನನ ಹೊಗಳಿಕೆಯೊಳಗೇ ಅವನ ಮೇಲಿನ ಆರೋಪವೂ ಕೂತಿದೆ, ಅದು ಅವನಿಗೆ ಕಾಣುವುದಿಲ್ಲ. ಕವಿ ಬಾಯಿಬಿಟ್ಟು ಹೇಳುವುದೂ ಇಲ್ಲ. ಇನ್ನೊಂದು ಸಂಗತಿ, ಇದು ನನ್ನ ಊಹೆ: ಪದ್ಯ ಮೊಲೆಹಾಲಿನಿಂದ ಆರಂಭವಾಗುವಾಗ, ಇದೇ ದುಶ್ಶಾಸನನ ಎದೆಯ ರಕ್ತವನ್ನು ಭೀಮ ಕುಡಿದದ್ದು ಓದುಗನ ನೆನಪಿಗೆ ಬಾರದೆ ಇರದು.

ಕಾವ್ಯದ ಇನ್ನೊಂದು ಹೆಸರು ‘ಸಾಹಸಭೀಮವಿಜಯ’. ಭೀಮನೇ ನಾಯಕ, ಆಶ್ರಯದಾತ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಲಾಗಿದೆ. ಪರೀಕ್ಷೆಗೆ ಇದನ್ನು ಬರೆಯಲೇಬೇಕು, ಬರೆಯಿರಿ.

ಒಂದು ಸಂಜೆ ನಾನು ಪದ್ಯವನ್ನು ಗಟ್ಟಿಯಾಗಿ ಓದುತ್ತಿದ್ದೆ. ಜೋಳ ಹಸನು ಮಾಡುತ್ತಿದ್ದ ಅವ್ವ ಅರ್ಥ ಕೇಳಿದಳು, ಹೇಳಿದೆ. ಮಾವ ಅವಳ ಬೆನ್ನಿಗೆ ಬಿದ್ದ ತಮ್ಮ. ದುಶ್ಶಾಸನ ಕೆಟ್ಟವನಲ್ಲವೇ ಎಂದು ಕೇಳಬಹುದು ಎಂದುಕೊಂಡಿದ್ದೆ. ಅವಳು ಮೊರದಲ್ಲಿದ್ದ ಹರಳನ್ನು ಆರಿಸಿ ಎಸೆದು, “ಅಲ್ಲಿ ಕೊನೆಯ ದಿನ ಅವನಿಗೆ ಯಾರಾದರೂ ಉಣಿಸಿದರೋ ಇಲ್ಲವೋ” ಎಂದಳು.